ಸಾಹುಕಾರರ ವಕೀಲ

ಕೋರ್ಟು ಹತ್ತಿದರೆ ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಹಿರಿಯರು ಆಡಿಕೊಳ್ಳುತ್ತಿದ್ದುದು ಹೊಲದ ಬದುವಿನ ವ್ಯಾಜ್ಯಗಳನ್ನು ಕಣ್ಣಾರೆ ಕಂಡು. ಆ ಮಾತಿನ ನಂಜು ಇಂದಿಗೂ ವಕೀಲರ ಮೇಲೆ ಉಳಿದುಕೊಂಡಿದೆ. ವಕೀಲರಲ್ಲಿಯೂ ಪಂಕ್ತಿಭೇದವಿದೆ. ಖೂನಿ ಮೊಕದ್ದಮೆ ನಡೆಸುವವನಿಗೆ ಸಿನಿಮಾದ ಕೃಪೆಯಿಂದ ಒಂದು ಠೀವಿ ಬಂದಿದೆ. ಜಮೀನಿನ ದಾವೆ ನಡೆಸುವವನನ್ನು ಜನ ಬೈದುಕೊಂಡೇ ಗೌರವಿಸುತ್ತಾರೆ. ಆದರೆ ಕಂಪೆನಿ, ಕರಾರು, ತೆರಿಗೆ, ಷೇರು, ದಿವಾಳಿ ಇವುಗಳ ದಾವೆ ನಡೆಸುವ ವಕೀಲನಿಗೆ ನಮ್ಮ ಚರ್ಚಾಕೂಟಗಳಲ್ಲಿ ಒಂದೇ ಹೆಸರು: ಸಾಹುಕಾರರ ವಕೀಲ. ಅದನ್ನು ಹೇಳುವ ಧಾಟಿಯಲ್ಲಿಯೇ ತೀರ್ಪೂ ಅಡಗಿರುತ್ತದೆ. ಈ ತೀರ್ಪಿನ ಮೇಲೆ ಒಂದು ಅಪೀಲು ಹೂಡುವುದು ಪ್ರಸ್ತುತ ಲೇಖನದ ಉದ್ದೇಶ.

ಗಾಂಧೀಜಿ ದಕ್ಷಿಣ ಆಫ್ರಿಕಕ್ಕೆ ಹೋದದ್ದು ಸತ್ಯಾಗ್ರಹ ಹೂಡಬೇಕೆಂದಲ್ಲ, ೧೮೯೩ರಲ್ಲಿ ದಾದಾ ಅಬ್ದುಲ್ಲಾ ಎಂಬ ವರ್ತಕರ ಮಳಿಗೆಯ ಲೆಕ್ಕದ ದಾವೆಗೆ ನೆರವಾಗಲೆಂದು. ನಲವತ್ತು ಸಾವಿರ ಪೌಂಡಿನ ಆ ಮೊಕದ್ದಮೆಗಾಗಿ ಅವರು ಜಮಾಖರ್ಚಿನ ಶಾಸ್ತ್ರವನ್ನು ಹೊಸದಾಗಿ ಕಲಿತರು. ಕೊನೆಗೆ ಉಭಯ ಪಕ್ಷಗಳನ್ನೂ ಒಪ್ಪಿಸಿ ಪಂಚಾಯಿತಿಯಲ್ಲಿ ಮುಗಿಸಿದರು. ಸೋತವರು ದಿವಾಳಿಯಾಗದಂತೆ ಹಣವನ್ನು ಕಂತಿನಲ್ಲಿ ಕೊಡುವ ಏರ್ಪಾಡನ್ನೂ ಮಾಡಿಸಿದರು. ಮಹಾತ್ಮರ ಜೀವನದಲ್ಲಿ ಇದು ಚಿಕ್ಕ ಘಟನೆ ನಿಜ. ಆದರೂ ವರ್ತಕರ ದಾವೆ ಎಂದೊಡನೆ ಮೂಗು ಮುರಿಯುವವರು ಇದನ್ನು ನೆನೆಯಬೇಕು.

ನಾನಿಲ್ಲಿ ವಿಸ್ತಾರವಾಗಿ ಹೇಳಬೇಕೆಂದಿರುವುದು ಮುಂಬಯಿಯ ನಾನಿ ಪಾಲ್ಖಿವಾಲಾ ಅವರ ವಿಷಯ. ಸಾಹುಕಾರರ ವಕೀಲ ಎಂಬ ಮಾತು ಅವರಷ್ಟು ಯಾರಿಗೂ ಒಪ್ಪದು. ಟಾಟಾ ಸಂಸ್ಥೆಗಳ ಆಡಳಿತ ಮಂಡಲಿಗಳಲ್ಲಿ ಕುಳಿತವರು ಅವರು. ಸಿಮೆಂಟ್ ಕಂಪೆನಿಯ ಅಧ್ಯಕ್ಷರಾಗಿದ್ದವರು. ಆದಾಯ ತೆರಿಗೆಯ ಪಂಡಿತರು. ಆಯವ್ಯಯದ ಮೇಲೆ ಪ್ರತಿ ವರ್ಷ ಅವರು ಮಾಡುತ್ತಿದ್ದ ಭಾಷಣ ೧೯೫೮ರಲ್ಲಿ ಒಂದು ಹೋಟೆಲಿನ ಸಭಾಂಗಣದಲ್ಲಿ ಆರಂಭವಾಗಿ, ಜನ ಹಿಡಿಸದೆ ಕೊನೆಗೆ ಬ್ರಬೋರ್ನ್ ಕ್ರಿಕೆಟ್ ಮೈದಾನಕ್ಕೆ ಹೋಯಿತು. ತೆರಿಗೆಯ ವಿಷಯ ಕೇಳಲು ಜನ ಮೈದಾನ ತುಂಬುವರೆಂದರೆ ಅರ್ಥಶಾಸ್ತ್ರದ ನಮ್ಮ ಸ್ನೇಹಿತರು ನಂಬಲಿಕ್ಕಿಲ್ಲ.

ಪಾಲ್ಖಿ ಎಂದರೆ ನಮ್ಮ ಪಲ್ಲಕ್ಕಿಯೇ. ಪೂರ್ವಿಕರ ಪಲ್ಲಕ್ಕಿಯ ಕಸುಬಿನಿಂದ ಆ ಪಾರ್ಸಿ ಮನೆತನಕ್ಕೆ ಈ ಹೆಸರು ಬಂತು. ಅವರು ಹುಟ್ಟಿದ್ದು ೧೯೨೦ರ ಜನವರಿ ೧೬ರಂದು, ಮಧ್ಯಮ ವರ್ಗದ ಮನೆಯಲ್ಲಿ. ಬಾಲ್ಯದಲ್ಲಿ ಅವರಿಗೆ ಉಗ್ಗು ಇತ್ತು! ಮುಂದೆ ದೇಶದ ವರಿಷ್ಠ ನ್ಯಾಯಾಲಯದಲ್ಲಿ ದಿನಗಟ್ಟಲೆ ವಾದಿಸಿದ ಕಂಠ ಅದು. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಅವರು ಓದಿದ್ದು ಇಂಗ್ಲಿಷ್ ಸಾಹಿತ್ಯ, ಎಂ.ಎ. ಪದವಿ ಪಡೆದದ್ದೂ ಅದರಲ್ಲಿಯೇ. ಅಧ್ಯಾಪಕರಾಗಬೇಕೆಂದು ಅರ್ಜಿ ಹಾಕಿದರು, ಕೆಲಸ ಸಿಗಲಿಲ್ಲ. ಆ ವೇಳೆಗೆ ಬೇರೆ ತರಗತಿಗಳ ಪ್ರವೇಶ ಬಹುಮಟ್ಟಿಗೆ ಮುಗಿದು ಹೋಗಿತ್ತು. ಬಾಗಿಲು ತೆರೆದಿದ್ದ ಸರಕಾರಿ ಲಾ ಕಾಲೇಜನ್ನು ಸೇರಿದರು. ಇಂಗ್ಲಿಷ್ ವಿಭಾಗದ ನಮ್ಮ ಅಧ್ಯಾಪಕರು ಮನ್ನಿಸಬೇಕು, ಆ ಕೆಲಸ ಅವರಿಗೆ ಸಿಗದೆ ಹೋದದ್ದು ದೇಶಕ್ಕೆ ಉಪಕಾರವೇ ಆಯಿತು.

೧೯೪೪ರಲ್ಲಿ ಸನ್ನದು ಪಡೆದು ಅವರು ಸರ್ ಜಮ್ಷೆಡ್ಜಿ ಕಾಂಗಾ ಎಂಬ ಹಿರಿಯ ವಕೀಲರ ಕಚೇರಿಗೆ ಸೇರಿದರು. ಮುಂಬಯಿ ಹೈಕೋರ್ಟಿನ ಕ್ರಮ ನಮ್ಮ ಕಡೆಯದಕ್ಕಿಂತ ಬೇರೆಯಾಗಿತ್ತು. ನಮ್ಮಲ್ಲಿ ಕಕ್ಷಿಗಾರನ ಮನೆಯ ಕಥೆ ಕೇಳುವವನೂ ಕಾಗದ ಜೋಡಿಸುವವನೂ ನ್ಯಾಯಾಧೀಶರ ಮುಂದೆ ನಿಂತು ವಾದಿಸುವವನೂ ಒಬ್ಬನೇ ವಕೀಲ. ಅಲ್ಲಿ ಸಾಲಿಸಿಟರ್ ಎಂಬಾತ ಕಕ್ಷಿಗಾರನನ್ನು ನೋಡಿ, ಪತ್ರ ದಸ್ತಾವೇಜುಗಳನ್ನು ಕಲೆಹಾಕಿ, ಕಟ್ಟು ಕಟ್ಟಿ ತರುತ್ತಿದ್ದ. ವಾದಿಸುವ ವಕೀಲ ಆ ಕಟ್ಟನ್ನು ಬಿಚ್ಚಿ ಅದರೊಳಗಿನ ಕಾನೂನನ್ನು ಹುಡುಕುತ್ತಿದ್ದ. ಈ ಹುಡುಕಾಟವೇ ವ್ಯಾಪಾರ ದಾವೆಯ ಜೀವ. ಹತ್ತಿಯ ಮೂಟೆ ತಡವಾಗಿ ಬಂತು, ಆ ನಡುವೆ ಧಾರಣೆ ಇಳಿಯಿತು, ನಷ್ಟ ಯಾರ ತಲೆಗೆ? ಲಾಭವೆಂದು ತೋರಿಸಿದ ಹಣ ಲಾಭವೋ ಬಂಡವಾಳವೋ? ಇಂಥ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದರೆ ಕಾಯಿದೆಯ ಒಂದೊಂದು ಪದವನ್ನೂ ತೂಗಿ ನೋಡಬೇಕು. ಹಳಗನ್ನಡದ ಪದ್ಯವೊಂದನ್ನು ಅನ್ವಯಿಸಿ ಅರ್ಥ ಹೇಳುವಾಗ ನಾವು ಪಡುವ ಪಾಡು ಇದಕ್ಕಿಂತ ಬಹಳ ಬೇರೆಯಲ್ಲ. ಸಾಹಿತ್ಯದ ವಿದ್ಯಾರ್ಥಿಯೊಬ್ಬರು ಮೂವತ್ತನೆಯ ವಯಸ್ಸಿನಲ್ಲಿ, ೧೯೫೦ರಲ್ಲಿ, ಕಾಂಗಾ ಅವರೊಡನೆ ಸೇರಿ ಆದಾಯ ತೆರಿಗೆಯ ಮೇಲೆ ಪ್ರಮಾಣಗ್ರಂಥ ಬರೆದರೆಂಬುದು ಈ ಕಾರಣದಿಂದ ನನಗೆ ಆಶ್ಚರ್ಯವೆನಿಸುವುದಿಲ್ಲ.

ಇಷ್ಟೇ ಆಗಿದ್ದರೆ ಅವರು ಶ್ರೀಮಂತ ವಕೀಲರಾಗಿ ಬಾಳಿ ಮರೆತುಹೋಗುತ್ತಿದ್ದರು. ೧೯೬೯ರ ಜುಲೈ ೧೯ರಂದು ಸರಕಾರ ಹದಿನಾಲ್ಕು ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿತು. ಅವುಗಳಲ್ಲಿ ಎರಡು ನಮ್ಮ ಕರಾವಳಿಯವೇ: ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು. ಸೆಂಟ್ರಲ್ ಬ್ಯಾಂಕಿನ ಷೇರುದಾರರೂ ನಿರ್ದೇಶಕರೂ ಆಗಿದ್ದ ಆರ್. ಸಿ. ಕೂಪರ್ ಸುಪ್ರೀಂ ಕೋರ್ಟಿಗೆ ಹೋದರು. ಪಾಲ್ಖಿವಾಲಾ ಅವರ ಪರವಾಗಿ ವಾದಿಸಿದರು. ಇಲ್ಲಿ ನನ್ನ ಅಭಿಪ್ರಾಯವನ್ನು ಬಚ್ಚಿಡುವುದಿಲ್ಲ. ಬ್ಯಾಂಕುಗಳ ರಾಷ್ಟ್ರೀಕರಣ ಆಗಬೇಕಾದದ್ದೇ ಎಂದು ನಂಬಿದವನು ನಾನು. ಆಮೇಲಲ್ಲವೇ ಹಳ್ಳಿಗಳಲ್ಲಿ ಬ್ಯಾಂಕಿನ ಶಾಖೆಗಳು ಹಬ್ಬಿದ್ದು? ಪಾಲ್ಖಿವಾಲಾ ಅವರ ಅರ್ಥನೀತಿ ನನಗೆ ಒಪ್ಪಿಗೆಯಿಲ್ಲ. ಆದರೆ ಆ ಮೊಕದ್ದಮೆಯ ಒಳಹೊಕ್ಕು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ.

ಕಂಪೆನಿಯೆಂಬುದು ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿ, ಆದರೆ ನಾಗರಿಕನಲ್ಲ. ನಾಗರಿಕರಿಗೆ ಮೀಸಲಾದ ಮೂಲಭೂತ ಹಕ್ಕುಗಳನ್ನು ಬ್ಯಾಂಕು ಕೇಳುವಂತಿಲ್ಲ. ಕೂಪರ್ ನಾಗರಿಕರು, ಆದರೆ ಸರಕಾರ ವಹಿಸಿಕೊಂಡದ್ದು ಬ್ಯಾಂಕನ್ನು, ಅವರ ಷೇರನ್ನಲ್ಲ. ಬಾಗಿಲಿನಲ್ಲಿಯೇ ಮುಗ್ಗರಿಸಬೇಕಾದ ದಾವೆ. ಕಂಪೆನಿ ಕಾನೂನಿನಲ್ಲಿ ಪಳಗಿದ ವಕೀಲನಿಗೆ ಇದು ಹೊಸ ಇಕ್ಕಟ್ಟಲ್ಲ. ಸರಕಾರದ ಒಂದೇ ಏಟು ಕಂಪೆನಿಗೂ ಬಿದ್ದು ಷೇರುದಾರನಿಗೂ ಬೀಳಬಹುದೆಂದು ತೋರಿಸಿಕೊಟ್ಟರು, ಕೋರ್ಟು ಒಪ್ಪಿತು. ಪರಿಹಾರದ ಲೆಕ್ಕದಲ್ಲಿ ಬ್ಯಾಂಕಿನ ಹೆಸರಿಗೆ, ಅದು ವರ್ಷಗಟ್ಟಲೆ ಗಳಿಸಿದ ವಿಶ್ವಾಸಕ್ಕೆ, ವರ್ತಕರು ಗುಡ್‌ವಿಲ್ ಎನ್ನುವುದಕ್ಕೆ, ಬೆಲೆಯನ್ನೇ ಕಟ್ಟಿಲ್ಲವೆಂಬುದನ್ನೂ ಎತ್ತಿ ತೋರಿಸಿದರು. ೧೯೭೦ರ ಫೆಬ್ರವರಿ ೧೦ರಂದು ಹನ್ನೊಂದು ನ್ಯಾಯಾಧೀಶರಲ್ಲಿ ಹತ್ತು ಮಂದಿ ಕಾಯಿದೆಯನ್ನು ರದ್ದುಪಡಿಸಿದರು. ನಾಲ್ಕು ದಿನಗಳಲ್ಲಿ ಸರಕಾರ ಹೊಸ ಆಜ್ಞೆ ಹೊರಡಿಸಿತು, ಪರಿಹಾರ ಹೆಚ್ಚಾಯಿತು, ಬ್ಯಾಂಕುಗಳು ಸರಕಾರದ ವಶದಲ್ಲಿಯೇ ಉಳಿದುವು. ಸಾಹುಕಾರರಿಗೆ ಸಿಕ್ಕಿದ್ದು ಇನ್ನಷ್ಟು ಹಣ, ಅಷ್ಟೇ.

ಉಳಿದವರಿಗೆ ಏನು ಸಿಕ್ಕಿತು ಎಂಬುದನ್ನು ತಿಳಿಯಲು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. ೧೯೫೦ರಲ್ಲಿ ಮದರಾಸಿನ ಸೆರೆಮನೆಯಲ್ಲಿ ಎ. ಕೆ. ಗೋಪಾಲನ್ ಎಂಬ ಕಮ್ಯೂನಿಸ್ಟ್ ಮುಖಂಡರಿದ್ದರು. ೧೯೪೭ರ ಡಿಸೆಂಬರಿನಿಂದ ಅವರು ಬಂಧನದಲ್ಲಿದ್ದರು. ಮುನ್ನೆಚ್ಚರಿಕೆಯ ಬಂಧನದ ಕಾಯಿದೆಯನ್ನು ಪ್ರಶ್ನಿಸಿ ಅವರು ಸುಪ್ರೀಂ ಕೋರ್ಟಿಗೆ ಹೋದಾಗ ವಾದಿಸಿದವರು ಎಂ. ಕೆ. ನಂಬಿಯಾರ್, ಮಂಗಳೂರಿನಲ್ಲಿ ವಕೀಲಿ ಮಾಡಿದವರು ಅವರು. ಸಂವಿಧಾನದ ಹಕ್ಕುಗಳನ್ನು ಒಂದರೊಡನೊಂದು ಸೇರಿಸಿ ಓದಬೇಕು ಎಂಬುದು ಅವರ ವಾದದ ತಿರುಳು. ಕೋರ್ಟಿನ ಬಹುಮತ ಒಪ್ಪಲಿಲ್ಲ. ಒಂದೊಂದು ವಿಧಿಯೂ ಬಾಗಿಲು ಮುಚ್ಚಿದ ಒಂದೊಂದು ಕೋಣೆ. ಕಾನೂನು ಹೇಳಿದ ಕ್ರಮದಲ್ಲಿ ಹಿಡಿದಿಟ್ಟಿದ್ದರೆ ಆಯಿತು, ಆ ಕ್ರಮ ನ್ಯಾಯವಾದದ್ದೇ ಎಂದು ಕೋರ್ಟು ಕೇಳುವುದಿಲ್ಲ ಎಂದಂತಾಯಿತು. ಸೆರೆಯಾಳು ಸೋತ.

ಬ್ಯಾಂಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಕೋಣೆಗಳ ಗೋಡೆಯನ್ನು ಒಡೆಯಿತು. ಕಾಯಿದೆಯ ಉದ್ದೇಶ ಏನೆಂದು ಕೇಳಿದರೆ ಸಾಲದು, ಅದರ ಪೆಟ್ಟು ಯಾವ ಯಾವ ಹಕ್ಕಿನ ಮೇಲೆ ಬಿತ್ತೆಂದು ನೋಡಬೇಕು ಎಂದಿತು. ಷೇರುದಾರನ ಹಣದ ಮಾತಾಗಿ ಬಂದ ಈ ತತ್ತ್ವ ೧೯೭೮ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟಿನ ಮೊಕದ್ದಮೆಯಲ್ಲಿ ಮನುಷ್ಯನ ಸ್ವಾತಂತ್ರ್ಯದ ತತ್ತ್ವವಾಯಿತು. ಸ್ವಾತಂತ್ರ್ಯವನ್ನು ಕಸಿಯುವ ಕ್ರಮ ನ್ಯಾಯವಾದದ್ದೂ ಯುಕ್ತವಾದದ್ದೂ ಆಗಿರಬೇಕೆಂದು ತೀರ್ಮಾನವಾಯಿತು. ಮರುವರ್ಷವೇ, ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದ ಬಿಹಾರದ ಬಡ ಕೈದಿಗಳಿಗಾಗಿ ಕಪಿಲಾ ಹಿಂಗೋರಾಣಿ ಎಂಬ ವಕೀಲರು ಕೋರ್ಟಿಗೆ ಹೋದಾಗ, ಬೇಗನೆ ವಿಚಾರಣೆ ಪಡೆಯುವುದೂ ಹಕ್ಕೇ ಎಂದು ಕೋರ್ಟು ಹೇಳಿದ್ದು ಇದೇ ಮಾರ್ಗದಲ್ಲಿ. ೨೦೧೭ರಲ್ಲಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಾಧೀಶರು ಸಾರಿದಾಗಲೂ ಕೂಪರರ ಹೆಸರು ತೀರ್ಪಿನಲ್ಲಿ ಬಂತು. ಬ್ಯಾಂಕಿನ ಷೇರಿನಿಂದ ಹೊರಟ ದಾರಿ ಬಿಹಾರದ ಸೆರೆಮನೆಯ ಬಾಗಿಲಿಗೆ ಹೋಗಿ ಮುಟ್ಟಿತೆಂಬುದನ್ನು ನಮ್ಮ ಚರ್ಚಾಪಟುಗಳು ಗಮನಿಸಬೇಕು.

ಇನ್ನೆರಡು ಮೊಕದ್ದಮೆಗಳು ಕನ್ನಡಿಗರಿಗೆ ಹತ್ತಿರದವು. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳಾದ ಕೇಶವಾನಂದ ಭಾರತಿಯವರದು ಮೊದಲನೆಯದು. ಯಕ್ಷಗಾನಕ್ಕೆ ಆಶ್ರಯ ಕೊಟ್ಟ ಆ ಮಠದ ಭೂಮಿಯ ಪ್ರಶ್ನೆಯೊಡನೆ ಕಲ್ಲಿದ್ದಲು ಕಂಪೆನಿಗಳ, ಸಕ್ಕರೆ ಕಾರ್ಖಾನೆಗಳ ಅರ್ಜಿಗಳೂ ಸೇರಿದ್ದುವು. ಹದಿಮೂರು ನ್ಯಾಯಾಧೀಶರ ಮುಂದೆ ಅರವತ್ತೆಂಟು ದಿನ ವಾದ ನಡೆಯಿತು. ಪಾಲ್ಖಿವಾಲಾ ಅವರಿಗೆ ಎದುರಾಗಿ ಕೇರಳ ಸರಕಾರದ ಪರ ನಿಂತ ಎಚ್. ಎಂ. ಸೀರ್ವಾಯಿ ಅವರೂ ಅದೇ ಕಾಂಗಾ ಅವರ ಗರಡಿಯಲ್ಲಿ ಬೆಳೆದವರು. ಸಂವಿಧಾನದ ಮೂಲರಚನೆಯನ್ನು ಪಾರ್ಲಿಮೆಂಟು ಕೆಡವಲಾರದೆಂದು ೧೯೭೩ರ ಏಪ್ರಿಲ್ ೨೪ರಂದು ಏಳಕ್ಕೆ ಆರು ಮತಗಳಿಂದ ತೀರ್ಮಾನವಾದದ್ದನ್ನು ರಾಜ್ಯಶಾಸ್ತ್ರದ ತರಗತಿಯಲ್ಲಿ ಎಲ್ಲರೂ ಓದಿದ್ದೇವೆ, ಬೆಳೆಸುವುದಿಲ್ಲ. ಸೀರ್ವಾಯಿ ಅವರೇ ಮುಂದೆ ಮನಸ್ಸು ಬದಲಿಸಿ ಈ ತತ್ತ್ವವನ್ನು ಒಪ್ಪಿಕೊಂಡರು ಎಂಬುದನ್ನಷ್ಟು ಸೇರಿಸಬಹುದು.

ಎರಡನೆಯದು ಬೆಂಗಳೂರಿನ ಮಿನರ್ವಾ ಗಿರಣಿಯದು. ಪಠ್ಯಪುಸ್ತಕದಲ್ಲಿ ಆ ಹೆಸರು ಬಂದಾಗ ಅದೊಂದು ಜವಳಿ ಗಿರಣಿಯೆಂದು ಎಷ್ಟು ಜನ ಯೋಚಿಸುತ್ತೇವೆ? ಗಿರಣಿಯ ಉತ್ಪಾದನೆ ಕುಸಿದಿದೆಯೆಂದು ೧೯೭೦ರಲ್ಲಿ ಕೇಂದ್ರ ಸರಕಾರ ತನಿಖೆಗೆ ಸಮಿತಿ ನೇಮಿಸಿತು. ಮರುವರ್ಷ ಆಡಳಿತವನ್ನು ರಾಷ್ಟ್ರೀಯ ಜವಳಿ ನಿಗಮಕ್ಕೆ ವಹಿಸಿತು. ೧೯೭೪ರ ಕಾಯಿದೆಯಿಂದ ಗಿರಣಿಯೇ ಸರಕಾರದ್ದಾಯಿತು. ಕಂಪೆನಿಯೂ ಕೆಲವು ಷೇರುದಾರರೂ ದಾವೆ ಹೂಡಿದರು. ಆ ವೇಳೆಗೆ ತುರ್ತು ಪರಿಸ್ಥಿತಿಯ ಕಾಲದ ನಲವತ್ತೆರಡನೆಯ ತಿದ್ದುಪಡಿ ಬಂದು, ಸಂವಿಧಾನದ ಯಾವ ತಿದ್ದುಪಡಿಯನ್ನೂ ಯಾವ ಕೋರ್ಟೂ ಪ್ರಶ್ನಿಸಕೂಡದು ಎಂದು ಬರೆದಿತ್ತು. ಗಿರಣಿಯ ದಾವೆ ಮುಂದಕ್ಕೆ ಹೋಗಬೇಕಾದರೆ ಈ ಅಗಳಿಯನ್ನು ಮೊದಲು ತೆಗೆಯಬೇಕು. ಮಿತಿಯುಳ್ಳ ಅಧಿಕಾರವನ್ನು ಪಡೆದವನು ಅದೇ ಅಧಿಕಾರವನ್ನು ಬಳಸಿ ಆ ಮಿತಿಯನ್ನು ಅಳಿಸಿಹಾಕಬಹುದೇ? ವಾದದ ಸಾರ ಇದೇ. ವರ್ತಕರಿಗೆ ಇದು ಅರ್ಥವಾಗದ ಮಾತೇನಲ್ಲ. ಮಾಲು ಮಾರಲು ಮುಖ್ತ್ಯಾರನಾಮೆ ಪಡೆದ ಗುಮಾಸ್ತ ಆ ಕಾಗದವನ್ನು ತಿದ್ದಿ ತಾನೇ ಅಂಗಡಿಯ ಯಜಮಾನನಾದರೆ ಒಪ್ಪುವವರು ಯಾರು? ೧೯೮೦ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯ ಆ ಭಾಗವನ್ನು ಹೊಡೆದುಹಾಕಿತು.

ಗಿರಣಿಯ ಗತಿ ಏನಾಯಿತು? ರಾಷ್ಟ್ರೀಕರಣದ ಕಾಯಿದೆಯ ಪ್ರಶ್ನೆ ಬೇರೆಯಾಗಿ ವಿಚಾರಣೆಗೆ ಬಂದು, ೧೯೮೬ರಲ್ಲಿ ಕಾಯಿದೆ ಸರಿಯೆಂದೇ ತೀರ್ಪಾಯಿತು. ಮಾಲೀಕರಿಗೆ ಗಿರಣಿ ಮರಳಲಿಲ್ಲ. ಎಡನೀರಿನ ಸ್ವಾಮಿಗಳಿಗೂ ಭೂಮಿಯ ವಿಷಯದಲ್ಲಿ ಕೋರ್ಟಿನಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಅಷ್ಟೇ ಅಲ್ಲ, ಈ ದಾವೆಗಳಿಗೆಲ್ಲ ಬುನಾದಿಯಾಗಿದ್ದ ಆಸ್ತಿಯ ಹಕ್ಕನ್ನೇ ೧೯೭೮ರ ನಲವತ್ತನಾಲ್ಕನೆಯ ತಿದ್ದುಪಡಿ ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದುಹಾಕಿತು. ಸಾಹುಕಾರರು ಯಾವುದಕ್ಕಾಗಿ ಹಣ ಸುರಿದರೋ ಅದು ಹೋಯಿತು. ವಕೀಲರು ದಾರಿಯಲ್ಲಿ ಕಟ್ಟಿದ ವಾದ ಉಳಿಯಿತು. ಗೆದ್ದವ ಸೋತ ಎಂಬ ಗಾದೆಯನ್ನು ಕಟ್ಟಿದವರು ಇದನ್ನು ಊಹಿಸಿರಲಾರರು.

ಇದೆಲ್ಲ ಆಕಸ್ಮಿಕ, ವಕೀಲರು ಕೈದಿಗಳ ಹಿತಕ್ಕಾಗಿ ವಾದಿಸಿದವರಲ್ಲ, ಅದರ ಕೀರ್ತಿ ಅವರಿಗೇಕೆ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ೧೯೭೫ರ ಜೂನ್ ತಿಂಗಳನ್ನು ನೋಡಿ. ಅಲಹಾಬಾದ್ ಹೈಕೋರ್ಟು ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧುಗೊಳಿಸಿದಾಗ ಸುಪ್ರೀಂ ಕೋರ್ಟಿನಲ್ಲಿ ಅವರ ಪರ ನಿಂತವರು ಇದೇ ಪಾಲ್ಖಿವಾಲಾ. ಬ್ಯಾಂಕಿನ ವಿಷಯದಲ್ಲಿ ಎದುರಾಳಿಯಾಗಿದ್ದ ಸರಕಾರದ ಪ್ರಧಾನಿ ಕಕ್ಷಿಗಾರರಾಗಿ ಬಂದರೆಂದು ಅವರು ಬಾಗಿಲು ಹಾಕಲಿಲ್ಲ. ಜೂನ್ ೨೪ರಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು. ೨೫ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಪಾಲ್ಖಿವಾಲಾ ವಕಾಲತ್ತನ್ನು ಹಿಂದಿರುಗಿಸಿದರು. ಎಲ್ಲ ಬಗೆಯ ಕಕ್ಷಿಗಾರರ ಪರವಾಗಿಯೂ ನಿಲ್ಲಬೇಕಾದದ್ದು ವಕೀಲನ ಧರ್ಮ. ನಡುವೆ ಕೈಬಿಟ್ಟದ್ದು ಸರಿಯೇ ಎಂದು ಕೇಳುವವರುಂಟು. ಸರಿ ಎಂದೇ ನನ್ನ ಮತ. ಕೋರ್ಟಿನ ಮುಂದೆ ನ್ಯಾಯ ಕೇಳಲು ಬಂದವರೇ ಕೋರ್ಟಿನ ಬಾಗಿಲನ್ನು ಇತರರಿಗೆ ಮುಚ್ಚಿದ ಮೇಲೆ ಆ ಕರಾರು ಮುರಿದುಬಿದ್ದಂತೆ. ವ್ಯಾಪಾರದ ವಕೀಲನಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ನವೆಂಬರಿನಲ್ಲಿ ಮೂಲರಚನೆಯ ತೀರ್ಪನ್ನು ತಿರುಗಿ ನೋಡಲು ಹದಿಮೂರು ನ್ಯಾಯಾಧೀಶರು ಕುಳಿತಾಗ ಅವರು ಎದುರು ನಿಂತು ವಾದಿಸಿದರು. ಎರಡೇ ದಿನಗಳಲ್ಲಿ ಆ ಪೀಠ ವಿಸರ್ಜನೆಯಾಯಿತು. ಅಂದಿನ ಕಾಲದಲ್ಲಿ ಇದಕ್ಕೆ ಎದೆಗಾರಿಕೆ ಬೇಕಿತ್ತು.

ಆದರೂ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದೇ ಇದೆ. ಗೋಪಾಲನ್ನರ ಪರ ನಂಬಿಯಾರ್ ಹೇಳಿದ್ದೂ ಬ್ಯಾಂಕಿನ ಪರ ಪಾಲ್ಖಿವಾಲಾ ಹೇಳಿದ್ದೂ ಬಹುಮಟ್ಟಿಗೆ ಒಂದೇ ಮಾತು. ಸೆರೆಯಾಳು ಕೇಳಿದಾಗ ಇಲ್ಲವೆಂದ ನ್ಯಾಯಾಲಯ ಬ್ಯಾಂಕಿನ ನಿರ್ದೇಶಕರು ಕೇಳಿದಾಗ ಹೌದೆಂದಿತು. ನಡುವೆ ಇಪ್ಪತ್ತು ವರ್ಷ! ನ್ಯಾಯಾಧೀಶರು ಬದಲಾಗಿದ್ದರು, ಕಾಲ ಬದಲಾಗಿತ್ತು ಎಂದು ಸಮಾಧಾನ ಹೇಳಬಹುದು. ಆದರೆ ತಿಂಗಳುಗಟ್ಟಲೆ ವಾದ ನಡೆಸಲು ಬೇಕಾದ ಹಣ, ವಿರಾಮ, ಸಹಾಯಕರು ಯಾರ ಬಳಿ ಇದ್ದರೆಂಬುದೂ ಒಂದು ಪ್ರಶ್ನೆಯೇ. ಸಾಹುಕಾರರ ವಕೀಲ ಎಂದು ಹಳಿಯುವವರು ಈ ಪ್ರಶ್ನೆಯನ್ನು ಎತ್ತಬೇಕು. ವ್ಯಕ್ತಿಯನ್ನು ಹಳಿದು ಸುಮ್ಮನಾಗುವುದು ಸುಲಭದ ಕೆಲಸ.

ನಮ್ಮಂಥ ಕಾಲೇಜುಗಳಲ್ಲಿ ಬಿ.ಎ. ಮುಗಿಸಿದವರು ಮುಂದಿನ ದಾರಿ ಕಾಣದೆ ಲಾ ಕಾಲೇಜಿಗೆ ಹೋಗುವುದು ಉಂಟು. ಹೋದವರು ವ್ಯಾಪಾರದ ಕಾನೂನು ವಾಣಿಜ್ಯ ವಿದ್ಯಾರ್ಥಿಗಳಿಗೆ ಸೇರಿದ್ದೆಂದು ಅದನ್ನು ದೂರವೇ ಇಡುತ್ತಾರೆ. ಆ ಕ್ಷೇತ್ರ ಈಗ ಮುಂಬಯಿಯ ಗೋಪುರಗಳಲ್ಲಿ ಮಾತ್ರ ಇಲ್ಲ. ೨೦೧೫ರ ಕಾಯಿದೆಯಿಂದ ವಾಣಿಜ್ಯ ನ್ಯಾಯಾಲಯಗಳು ಬಂದಿವೆ. ಮೊದಲು ಒಂದು ಕೋಟಿ ರೂಪಾಯಿಯ ದಾವೆಗಳಿಗೆ ಇದ್ದ ಆ ಮೆಟ್ಟಿಲನ್ನು ೨೦೧೮ರಲ್ಲಿ ಮೂರು ಲಕ್ಷಕ್ಕೆ ಇಳಿಸಲಾಯಿತು. ತುರ್ತಿನ ಪರಿಹಾರ ಬೇಡದ ದಾವೆಗಳಲ್ಲಿ ಮೊದಲು ರಾಜಿಯ ಮಾತು ನಡೆಯಬೇಕೆಂಬ ನಿಯಮವೂ ಸೇರಿತು. ದಾದಾ ಅಬ್ದುಲ್ಲಾ ಅವರ ವಕೀಲರಿಗೆ ಇದು ಮೆಚ್ಚುಗೆಯಾಗುತ್ತಿತ್ತು. ಮೂರು ಲಕ್ಷದ ದಾವೆ ಎಂದರೆ ಅಡಿಕೆ ಮಂಡಿಯವನದು, ಅಕ್ಕಿ ಗಿರಣಿಯವನದು, ಮಾಲು ಕೊಟ್ಟು ಹಣ ಬಾರದೆ ಅಲೆಯುವ ಸಣ್ಣ ಕಾರ್ಖಾನೆಯವನದು. ಇವರ ಲೆಕ್ಕದ ಪುಸ್ತಕವನ್ನು ಓದಬಲ್ಲ, ಇವರ ಮಾತನ್ನು ಕನ್ನಡದಲ್ಲಿ ಕೇಳಿ ಕಾನೂನಿನ ಭಾಷೆಗೆ ತರಬಲ್ಲ ವಕೀಲರು ಜಿಲ್ಲೆಗೆ ಎಷ್ಟು ಮಂದಿ ಇದ್ದಾರೆ?

ತೀರ್ಪುಗಳನ್ನು ಓದಬೇಕೆನ್ನುವವರಿಗೆ ಹಿಂದಿನಂತೆ ದಪ್ಪ ಸಂಪುಟಗಳನ್ನು ಹುಡುಕುವ ಕಷ್ಟವಿಲ್ಲ. ಸುಪ್ರೀಂ ಕೋರ್ಟಿನ ತೀರ್ಪುಗಳು ೨೦೨೩ರಿಂದ ಅದರ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತಿವೆ. ಮಿನರ್ವಾ ಗಿರಣಿಯದರಿಂದ ಮೊದಲುಮಾಡುವುದು ಲೇಸು. ಅದರಲ್ಲಿ ಬಹುಮತದ ತೀರ್ಪಿನ ಜೊತೆಗೆ ನ್ಯಾಯಮೂರ್ತಿ ಭಗವತಿಯವರ ಭಿನ್ನಮತವೂ ಇದೆ. ಪಾರ್ಲಿಮೆಂಟಿನ ಅಧಿಕಾರಕ್ಕೆ ಮಿತಿಯುಂಟೆಂಬುದರಲ್ಲಿ ಅವರು ಉಳಿದವರೊಡನೆ ಸೇರುತ್ತಾರೆ. ಬಡವರ ಹಿತಕ್ಕಾಗಿ ಮಾಡಿದ ಕಾಯಿದೆಗಳ ಪ್ರಶ್ನೆ ಬಂದಾಗ ಬೇರೆಯಾಗುತ್ತಾರೆ. ಅಲ್ಲಿ ನಾನು ಭಗವತಿಯವರ ಕಡೆಗೇ ವಾಲುತ್ತೇನೆ. ಪಾಲ್ಖಿವಾಲಾ ಅವರ ವಾದವನ್ನು ಪೂರ್ತಿ ಓದಿದ ಮೇಲೆಯೂ.